ರಕ್ತದ ಟೆಸ್ಟ್ ನೆಗೆಟಿವ್ ಬಂತು ಅಂತ ಕೊಲೊನೋಸ್ಕೋಪಿ ಬಿಡಬೇಡಿ

ಪ್ರಶ್ನೆ: ಅಪ್ಪನಿಗೆ 64 ವರ್ಷ. ಕೆಲವು ತಿಂಗಳಿಂದ ಮಲದಲ್ಲಿ ರಕ್ತ ಹೋಗುತ್ತಿದೆ. ಮಿಥೈಲೇಷನ್ ರಕ್ತ ಪರೀಕ್ಷೆ ಮಾಡಿಸಿದೆವು, ನೆಗೆಟಿವ್ ಬಂತು. ಕೊಲೊನೋಸ್ಕೋಪಿ (ಕ್ಯಾಮೆರಾ ಇರುವ ಕೊಳವೆ ಹಾಕಿ ದೊಡ್ಡ ಕರುಳಿನ ಒಳಗೆ ನೋಡುವುದು) ಇನ್ನೂ ಬೇಕಾ? ಕಾಫಿ ಕೊಯ್ಲು ಮುಗಿಯಲಿ ಅನ್ನುತ್ತಾರೆ. (ಗೋಣಿಕೊಪ್ಪ)

ಬೇಕು. ಕೊಯ್ಲಿಗೆ ಕಾಯಬೇಡಿ. ಊರು ಬೇರೆ ಬೇರೆ, ಪ್ರಶ್ನೆ ಮಾತ್ರ ಇದೇ. ಮತ್ತೆ ಮತ್ತೆ ಬರುತ್ತಿದೆ. ಅದಕ್ಕೇ ಇದಕ್ಕೆ ಉದ್ದದ ಉತ್ತರ.

ಟೆಸ್ಟ್ ಸುಳ್ಳಲ್ಲ. ಕರುಳಿನ ಕ್ಯಾನ್ಸರ್ ಕೋಶಗಳಲ್ಲಿ ಸೆಪ್ಟಿನ್-9 ಎಂಬ ಜೀನ್‌ಗೆ ಮಿಥೈಲ್ ಗುಂಪುಗಳೆಂಬ ಸಣ್ಣ ರಾಸಾಯನಿಕ ತುಣುಕುಗಳು ಅಂಟಿಕೊಂಡಿರುತ್ತವೆ, ಇದೇ ಮಿಥೈಲೇಷನ್. ಆ ಕೋಶ ಸತ್ತಾಗ ಅದರ ಡಿಎನ್‌ಎ ಚೂರು ರಕ್ತಕ್ಕೆ ಸೇರುತ್ತದೆ. ಟೆಸ್ಟ್ ಹುಡುಕುವುದು ಅದನ್ನೇ. ಆದರೆ ಗಡ್ಡೆ ಚಿಕ್ಕದಿದ್ದರೆ ಚೂರುಗಳೂ ಕಡಿಮೆ, ಕಣ್ತಪ್ಪುವುದು ಜಾಸ್ತಿ. ಲಕ್ಷಣ ಇಲ್ಲದವರ ಮೇಲೆ ನಡೆದ ದೊಡ್ಡ ಅಧ್ಯಯನದಲ್ಲಿ ಇದರ ಮೊದಲ ಆವೃತ್ತಿ 100 ಕ್ಯಾನ್ಸರ್‌ಗಳಲ್ಲಿ ಸುಮಾರು 48 ಹಿಡಿಯಿತು. ಸುಧಾರಿಸಿದ್ದು 70ರ ಆಸುಪಾಸಿಗೆ ಬಂತು. ಮುಂದೆ ಕ್ಯಾನ್ಸರ್ ಆಗಬಲ್ಲ ದೊಡ್ಡ ಪಾಲಿಪ್‌ಗಳ (ಕರುಳಿನ ಒಳಗೋಡೆಯಲ್ಲಿ ಬೆಳೆಯುವ ಗಂಟುಗಳ) ಲೆಕ್ಕ ನೋಡಿ: ಮೊದಲ ಆವೃತ್ತಿಗೆ ಸಿಕ್ಕಿದ್ದು 100ಕ್ಕೆ ಸುಮಾರು 11. ಕೊಲೊನೋಸ್ಕೋಪಿಯಲ್ಲಾದರೆ ಪಾಲಿಪ್ ಕಣ್ಣಿಗೆ ಬೀಳುತ್ತದೆ, ಹೆಚ್ಚಿನ ಸಲ ಅಲ್ಲೇ ಕತ್ತರಿಸಿ ತೆಗೆಯಬಹುದು.

2016ರಲ್ಲಿ ಅಮೆರಿಕ ಈ ಟೆಸ್ಟ್‌ಗೆ ಒಪ್ಪಿಗೆ ಕೊಟ್ಟಿದ್ದು ಯಾರಿಗಾಗಿ ಗೊತ್ತಾ? 50 ದಾಟಿದ, ಹೆಚ್ಚಿನ ಅಪಾಯವಿಲ್ಲದ, ಬೇರೆ ತಪಾಸಣೆಗೆ ಹೇಳಿದರೂ ಮಾಡಿಸಿಕೊಳ್ಳದವರಿಗೆ. ಪಾಸಿಟಿವ್ ಬಂದರೆ ಅವರಿಗೂ ಕೊಲೊನೋಸ್ಕೋಪಿಯೇ. ಮಲದ ಡಿಎನ್‌ಎ ಟೆಸ್ಟ್ ಇದಕ್ಕಿಂತ ಚೆನ್ನಾಗಿ ಹಿಡಿಯುತ್ತದೆ ನಿಜ, ಆದರೆ ಅದೂ ಲಕ್ಷಣ ಇಲ್ಲದವರಿಗೇ. ನಿಮ್ಮ ತಂದೆಗೆ ರಕ್ತ ಹೋಗುತ್ತಿದೆ. ಅವರಿಗೆ ಈ ಟೆಸ್ಟ್ ಮಾಡಿಸಿಕೊಳ್ಳಿ ಅಂತ ಹೇಳಿದವರ ಮೇಲೆ ನನಗೆ ನಿಜಕ್ಕೂ ಕೋಪವಿದೆ.

ಪೈಲ್ಸ್ ಇರಬಹುದು ಅಂತ ಸುಮ್ನೆ ಕೂರುವುದೂ ಬೇಡ. ಒಬ್ಬರಿಗೇ ಪೈಲ್ಸೂ ಕ್ಯಾನ್ಸರೂ ಎರಡೂ ಇರಬಹುದು. 'ಆಪರೇಷನ್ ಇಲ್ಲದೆ ಗ್ಯಾರಂಟಿ' ಅಂತ ಬೋರ್ಡ್ ಹಾಕಿಕೊಂಡವರು ಒಳಗೆ ಬೆರಳು ಹಾಕಿ ಸಹ ನೋಡದೆ ತಿಂಗಳುಗಟ್ಟಲೆ ಪುಡಿ ಕೊಡುತ್ತಾರೆ. ಆ ತಿಂಗಳುಗಳಲ್ಲಿ ಗಡ್ಡೆ ಬೆಳೆಯುತ್ತದೆ. ನನ್ನ ಹತ್ತಿರ ತಡವಾಗಿ ಬರುವವರಲ್ಲಿ ಇಂಥವರು ಇದ್ದೇ ಇರುತ್ತಾರೆ.

ಮೊದಲು ಹಿಮೋಗ್ಲೋಬಿನ್ ನೋಡಿಸಿ, ಸರ್ಜನ್‌ಗೆ ತೋರಿಸಿ. ರಕ್ತ ತೆಳುವಾಗಿಸುವ ಮಾತ್ರೆ, ಸಕ್ಕರೆ ಕಾಯಿಲೆಯ ಮಾತ್ರೆ ತಗೊಳ್ಳುತ್ತಿದ್ದರೆ ಮೊದಲೇ ತಿಳಿಸಿ, ನೀವಾಗಿ ನಿಲ್ಲಿಸಬೇಡಿ. ಕೊಲೊನೋಸ್ಕೋಪಿ ಮೈಸೂರಿನಲ್ಲೋ ಮಂಗಳೂರಿನಲ್ಲೋ ಆಗುವುದಾದರೆ ಹಿಂದಿನ ದಿನವೇ ಹೋಗಿ ಅಲ್ಲೇ ಉಳಿಯಿರಿ. ಹೊಟ್ಟೆ ಖಾಲಿ ಮಾಡುವ ಔಷಧಿ ಕುಡಿದು ನಮ್ಮ ಘಾಟಿ ರಸ್ತೆಯಲ್ಲಿ ಪ್ರಯಾಣ ಮಾಡಲಾಗುವುದಿಲ್ಲ.

ಪ್ರಶ್ನೆ: ಅಮ್ಮನ ಗಡ್ಡೆಯ ರಿಪೋರ್ಟಿನಲ್ಲಿ 'ಎಂಎಲ್‌ಎಚ್1 ಮಿಥೈಲೇಷನ್ ಪಾಸಿಟಿವ್' ಎಂದಿದೆ. ನಮಗೂ ಬರುತ್ತಾ? (ಸೋಮವಾರಪೇಟೆ)

ಈ ಫಲಿತಾಂಶ ಸಾಮಾನ್ಯವಾಗಿ ಸಮಾಧಾನದ್ದೇ. ಎಂಎಲ್‌ಎಚ್1 ಡಿಎನ್‌ಎಯ ತಪ್ಪು ತಿದ್ದುವ ಜೀನ್. ವಯಸ್ಸಾದವರ ಗಡ್ಡೆಯಲ್ಲಿ ಮಿಥೈಲೇಷನ್‌ನಿಂದ ಆ ಜೀನ್ ಹೀಗೆ ಮುಚ್ಚಿಹೋಗುವುದು ಬಹುಪಾಲು ವಂಶದಿಂದ ಬಂದದ್ದಲ್ಲ. ಎಂಎಲ್‌ಎಚ್1 ಪ್ರೋಟೀನ್ ಇಲ್ಲದೆ ಮಿಥೈಲೇಷನ್ ಕೂಡ ಇಲ್ಲದಿದ್ದರೆ ಆಗ ಲಿಂಚ್ ಸಿಂಡ್ರೋಮ್‌ಗಾಗಿ (ವಂಶದಲ್ಲಿ ಬರುವ ಕ್ಯಾನ್ಸರ್ ಅಪಾಯ) ರಕ್ತದ ಜೀನ್ ಪರೀಕ್ಷೆ ಬೇಕು. ಅಮ್ಮನಿಗೆ 50ರೊಳಗೇ ಬಂದಿದ್ದರೆ ಅಥವಾ ಮನೆಯಲ್ಲಿ ಇನ್ನೂ ಯಾರಿಗಾದರೂ ಇದ್ದರೆ ಈಗಲೂ ಕೇಳಿ. ಕಾಯಿಲೆ ಹರಡಿದ್ದರೆ ಇಂಥ ಗಡ್ಡೆಗೆ ಇಮ್ಯುನೋಥೆರಪಿ (ದೇಹದ ರೋಗನಿರೋಧಕ ಶಕ್ತಿಯನ್ನೇ ಕ್ಯಾನ್ಸರ್ ಮೇಲೆ ಬಿಡುವ ಚಿಕಿತ್ಸೆ) ಕೆಲಸ ಮಾಡುವ ಸಾಧ್ಯತೆ ಜಾಸ್ತಿ. ಅದನ್ನು ಆಂಕಾಲಜಿಸ್ಟ್ ಹತ್ತಿರ ಮಾತಾಡದೆ ಬಿಡಬೇಡಿ.

ಪ್ರಶ್ನೆ: ಮಿಥೈಲೇಷನ್ ತೆಗೆಯುವ ಔಷಧಿ ಇದೆಯಂತಲ್ಲ? (ಕುಶಾಲನಗರ)

ಅಜಾಸಿಟಿಡೀನ್, ಡೆಸಿಟಾಬೀನ್ ಇವೆ, ಕೆಲವು ರಕ್ತದ ಕಾಯಿಲೆಗಳಿಗೆ. ಕರುಳಿನ ಕ್ಯಾನ್ಸರ್‌ನ ನಿತ್ಯದ ಚಿಕಿತ್ಸೆಯಲ್ಲಿ ಇಲ್ಲ. ನಮಗೆ ಬೇಕಾದ ಒಂದೇ ಜೀನ್ ಆರಿಸಿ ತೆರೆಯಲು ಅವಕ್ಕೆ ಬರುವುದಿಲ್ಲ. 'ಜೀನ್ ಸರಿ ಮಾಡುವ' ಅರಿಶಿನದ ಕ್ಯಾಪ್ಸೂಲ್‌ಗೆ ದುಡ್ಡು ಹಾಕಬೇಡಿ.

ಪ್ರಶ್ನೆ: ಕೊಡವರ ಕಕ್ಕಡ ತಿಂಗಳ 18ನೇ ದಿನ ತಿನ್ನುವ ಮದ್ದು ಸೊಪ್ಪು ಕ್ಯಾನ್ಸರ್ ತಡೆಯುತ್ತಾ? (ನಾಪೋಕ್ಲು)

ಪಾಯಸ ಮಾಡಿ ತಿನ್ನಿ, ಕ್ಯಾನ್ಸರ್ ತಡೆಯುತ್ತದೆ ಅನ್ನುವುದಕ್ಕೆ ಆಧಾರವಿಲ್ಲ. ಅದನ್ನು ತಿಂದಾಗ ಮೂತ್ರ ಕೆಂಪಾಗುತ್ತದೆ. ಮಲದಲ್ಲಿ ರಕ್ತ ಕಂಡರೆ ಸೊಪ್ಪಿನ ಬಣ್ಣ ಅಂತ ಬಿಡಬೇಡಿ.

ಪ್ರಶ್ನೆ: ಪಂದಿ ಕರಿ (ಹಂದಿ ಮಾಂಸದ ಸಾರು) ಬಿಡಬೇಕಾ? (ವಿರಾಜಪೇಟೆ)

ಕಡಿಮೆ ಮಾಡಿ. ಸಿಗರೇಟು ಪೂರ್ತಿ ಬಿಡಿ, ಕುಡಿತವನ್ನೂ ಇಳಿಸಿ.