ಕಯಾಕ್‌ನ ಪ್ಲಾಸ್ಟಿಕ್ ಸಾಮಾನುಗಳಿಗೆ ಹೊಡೆದ ಬಣ್ಣ ಯಾಕೆ ಕಿತ್ತುಬರುತ್ತದೆ?

ಕಯಾಕ್‌ನಲ್ಲಿ (ಹುಟ್ಟು ಹಾಕಿ ನಡೆಸುವ ಸಣ್ಣ ದೋಣಿ) ಗಾಳದ ಕೋಲು ನಿಲ್ಲಿಸುವ ರಾಡ್ ಹೋಲ್ಡರ್ ಮೇಲೆ ನಿಂತ ಸ್ಪ್ರೇ ಬಣ್ಣ, ಹಿಂಬದಿಯಲ್ಲಿ ಸಾಮಾನು ಇಡುವ ಕ್ರೇಟ್ ಮೇಲೆ ಉಗುರು ತಾಗಿದರೆ ಸಾಕು ಸಿಪ್ಪೆಯಂತೆ ಏಳುತ್ತಿದೆ ಎಂದಿದ್ದೀರಿ. ತೊಂದರೆ ಬಣ್ಣದ್ದಲ್ಲ, ಪ್ಲಾಸ್ಟಿಕ್ಕಿನದು.

ಸಾಮಾನಿನ ತಳದಲ್ಲಿ ಪ್ಲಾಸ್ಟಿಕ್ ಯಾವ ಬಗೆ ಎಂದು ತಿಳಿಸುವ ತ್ರಿಕೋನದೊಳಗಿನ ಅಂಕಿ ನೋಡಿ. 3 ಅಂದರೆ ಪಿವಿಸಿ. ಪೈಪ್ ಕತ್ತರಿಸಿ ಮಾಡುವ ರಾಡ್ ಹೋಲ್ಡರ್ ಇದೇ, ಬಣ್ಣ ಚೆನ್ನಾಗಿ ಹಿಡಿಯುತ್ತದೆ. 2 ಎಚ್‌ಡಿಪಿಇ, 5 ಪಾಲಿಪ್ರೊಪಿಲೀನ್. ಕ್ರೇಟ್‌ಗಳು ಸಾಮಾನ್ಯವಾಗಿ ಈ ಎರಡರಲ್ಲೊಂದು. ಇವುಗಳ ಮೈ ಮೇಣದಂತೆ ಜಾರು: ನೀರು ಹಾಕಿದರೆ ಹರಡದೆ ಹನಿ ಹನಿಯಾಗಿ ನಿಲ್ಲುತ್ತದೆ. ಬಣ್ಣದ ಗತಿಯೂ ಅದೇ.

ಪಾತ್ರೆ ಸೋಪಿನಿಂದ ತೊಳೆದು ಒಣಗಿಸಿ, 320 ನಂಬರಿನ ಸ್ಯಾಂಡ್‌ಪೇಪರಿನಿಂದ ಹೊಳಪು ಹೋಗುವವರೆಗೆ ಉಜ್ಜಿ, ಐಸೊಪ್ರೊಪೈಲ್ ಆಲ್ಕೋಹಾಲಿನಿಂದ ಒರೆಸಿ. ಅಸಿಟೋನ್ ಬೇಡ, ಎಬಿಎಸ್ (ಇನ್ನೊಂದು ಬಗೆಯ ಗಟ್ಟಿ ಪ್ಲಾಸ್ಟಿಕ್) ಕರಗುತ್ತದೆ, ಪಿವಿಸಿ ಮೆತ್ತಗಾಗುತ್ತದೆ. 2 ಮತ್ತು 5ಕ್ಕೆ ಪಾಲಿಪ್ರೊಪಿಲೀನ್‌ಗೂ ಆಗುತ್ತದೆ ಎಂದು ಬರೆದಿರುವ ಅಡ್ಹೀಷನ್ ಪ್ರೊಮೋಟರ್ (ಬಣ್ಣ ಅಂಟಿಕೊಳ್ಳಲು ಮೊದಲು ಹೊಡೆಯುವ ದ್ರಾವಣ) ತೆಳುವಾಗಿ ಹೊಡೆದು, ಡಬ್ಬಿಯಲ್ಲಿ ಹೇಳಿದ ಸಮಯದೊಳಗೇ ಬಣ್ಣ ಶುರುಮಾಡಿ. 25–30 ಸೆಂ.ಮೀ. ದೂರದಿಂದ ಮೂರು ತೆಳು ಕೋಟ್. ಒಂದೇ ಸಲ ದಪ್ಪಗೆ ಹೊಡೆದರೆ ಮೇಲ್ಪದರ ಒಣಗಿ ಒಳಗಿನದು ಹಸಿಯಾಗೇ ಉಳಿಯುತ್ತದೆ. ಮುಟ್ಟಿದರೆ ಒಣಗಿದಂತಿದ್ದರೂ ವಾರ ಬಿಟ್ಟು ನೀರಿಗಿಳಿಸಿ.

ಸ್ಕ್ರೂ ಎಳೆ, ತಿರುಗುವ ಗಂಟು, ರಾಡ್ ಉಜ್ಜುವ ಒಳಬಾಯಿಗೆ ಮಾಸ್ಕಿಂಗ್ ಟೇಪ್ ಹಚ್ಚಿ. ಅಲ್ಲಿ ಯಾವ ಬಣ್ಣವೂ ಬಾಳುವುದಿಲ್ಲ. ಲೈಫ್ ಜಾಕೆಟ್‌ಗಂತೂ ಬಣ್ಣ ಹೊಡೆಯಲೇಬೇಡಿ. ಕ್ರೇಟ್ ಮಾತ್ರ, ನನ್ನ ಮಟ್ಟಿಗೆ, ಬೇಕಾದ ಬಣ್ಣದ್ದನ್ನೇ ಕೊಳ್ಳುವುದು ವಾಸಿ.