ಓದುಗರ ಪ್ರಶ್ನೆ: ಕಣ್ಣು ಕಾಣದ ಹುಡುಗನಿಗೆ ಬೇಡಿಕೆ ರೇಖೆ ಹೇಳಿಕೊಡುವುದು ಹೇಗೆ?

ಪ್ರಶ್ನೆ: ನಾನು ತುಮಕೂರು ಕಡೆಯ ಒಂದು ಪದವಿ ಕಾಲೇಜಿನಲ್ಲಿ ಅರ್ಥಶಾಸ್ತ್ರ ಪಾಠ ಮಾಡುತ್ತೇನೆ. ಈ ಸಲ ಬಿಎ ಮೊದಲ ವರ್ಷಕ್ಕೆ ಕಣ್ಣು ಕಾಣದ ಹುಡುಗನೊಬ್ಬ ಸೇರಿದ್ದಾನೆ. ಕಿವಿ ಮಂದ ಇರುವ ಹುಡುಗಿಯೂ ಇದ್ದಾಳೆ. ಅರ್ಧಕ್ಕಿಂತ ಜಾಸ್ತಿ ಮಕ್ಕಳು ಕನ್ನಡ ಮಾಧ್ಯಮದವರು. ನನ್ನ ಪಾಠವೆಲ್ಲ ಬೋರ್ಡು, ಗ್ರಾಫು. ಒಬ್ಬೊಬ್ಬರಿಗೂ ಬೇರೆ ಬೇರೆ ಪಾಠ ಮಾಡಲು ಸಮಯ ಎಲ್ಲಿದೆ? ಮಾಡಿದರೂ ಉಳಿದವರಿಗೆ ಅನ್ಯಾಯ ಅಲ್ವಾ?
— ಹೆಸರು ಬೇಡ

ಉತ್ತರ: ಬೇರೆ ಬೇರೆ ಪಾಠ ಮಾಡಲೇಬೇಡಿ ಮೇಷ್ಟ್ರೇ. ಇರುವ ಒಂದೇ ಪಾಠ ಎಲ್ಲರಿಗೂ ತಲುಪುವ ಹಾಗೆ ಮಾಡಿ. ಶುರು ಮಾಡಬೇಕಾದ್ದು ನಿಮ್ಮ ನೋಟ್ಸಿನಿಂದ.

ಆ ಹುಡುಗನ ಹತ್ತಿರ ಆಂಡ್ರಾಯ್ಡ್ ಫೋನ್ ಇದ್ದರೆ ಅದರಲ್ಲಿ ಟಾಕ್‌ಬ್ಯಾಕ್ ಇರುತ್ತದೆ, ಪರದೆ ಮೇಲಿನದನ್ನು ಗಟ್ಟಿಯಾಗಿ ಓದಿ ಹೇಳುತ್ತದೆ. ಕಂಪ್ಯೂಟರಿಗೆ ಎನ್‌ವಿಡಿಎ ಎಂಬ ತಂತ್ರಾಂಶ ಪುಕ್ಕಟೆ ಸಿಗುತ್ತದೆ, ಅದೂ ಕನ್ನಡ ಓದುತ್ತದೆ. ಆದರೆ ನೀವು ಕೊಡುವ ಫೈಲನ್ನು ಅದು ಓದಬಲ್ಲದೇ ಎಂಬುದು ಬೇರೆ ಮಾತು. ನಮ್ಮಲ್ಲಿ ಬಹಳ ಜನ ಇವತ್ತಿಗೂ ನುಡಿ, ಬರಹ ಎಂಬ ಕನ್ನಡ ಟೈಪಿಂಗ್ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲೇ ಟೈಪ್ ಮಾಡುತ್ತಾರೆ. ನೋಡುವವರಿಗೆ ಅದು ಅಚ್ಚ ಕನ್ನಡ. ಒಳಗಡೆ ಮಾತ್ರ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ, ಅದರ ಮೇಲೆ ಫಾಂಟು ಕನ್ನಡದ ಆಕಾರ ತೊಡಿಸಿರುತ್ತದೆ ಅಷ್ಟೇ. ಫೋನು ಆ ಕಲಸುಮೇಲೋಗರವನ್ನೇ ಓದುತ್ತದೆ, ಪಾಪ ಹುಡುಗನಿಗೆ ಒಂದಕ್ಷರವೂ ತಿಳಿಯುವುದಿಲ್ಲ. ಪರೀಕ್ಷೆ ಮಾಡಿ ನೋಡಬೇಕಾ? ನೋಟ್ಸಿನ ಒಂದು ಸಾಲು ಕಾಪಿ ಮಾಡಿ ವಾಟ್ಸಾಪ್‌ಗೆ ಪೇಸ್ಟ್ ಮಾಡಿ. ಕನ್ನಡವೇ ಬಂದರೆ ಸರಿ, ಅದು ಯುನಿಕೋಡ್, ಅಂದರೆ ಫೋನು, ಕಂಪ್ಯೂಟರುಗಳು ಕನ್ನಡವೆಂದೇ ಗುರುತಿಸುವ ಅಕ್ಷರ ಸಂಕೇತ. ಗೀಚುಗೀಚಾಗಿ ಬಂದರೆ ಯುನಿಕೋಡಿಗೆ ಬದಲಾಯಿಸಿಕೊಳ್ಳಿ, ಅದಕ್ಕೆ ಉಚಿತ ಪರಿವರ್ತಕಗಳು ಸಿಗುತ್ತವೆ. ಬದಲಾಯಿಸಿದ ಮೇಲೆ ಒಮ್ಮೆ ಕಣ್ಣಾಡಿಸಿ, ಒತ್ತಕ್ಷರಗಳಲ್ಲಿ ಎಡವಟ್ಟಾಗಿರುತ್ತದೆ.

ಝೆರಾಕ್ಸ್ ಪುಟದ ಫೋಟೋ ತೆಗೆದು ಪಿಡಿಎಫ್ ಮಾಡಿ ಗ್ರೂಪಿಗೆ ಹಾಕುವ ಅಭ್ಯಾಸವಿದೆಯಲ್ಲ, ಅದೂ ಬೇಡ. ಫೋನಿಗೆ ಅದು ಬರೀ ಚಿತ್ರ. ಗೂಗಲ್ ಲೆನ್ಸ್‌ನಲ್ಲಿ ಅಕ್ಷರ ಎತ್ತಿಕೊಂಡು ತಿದ್ದಿ ಕೊಡಿ. ಕಾಪಿರೈಟ್ ಅಂತ ಹೆದರಬೇಡಿ. ಅಂಗವಿಕಲರು ಓದುವ ರೂಪಕ್ಕೆ ಪುಸ್ತಕವನ್ನು ಬದಲಾಯಿಸಲು ಕಾಪಿರೈಟ್ ಕಾಯ್ದೆಯ 2012ರ ತಿದ್ದುಪಡಿಯಲ್ಲೇ ಅವಕಾಶವಿದೆ, ಲಾಭಕ್ಕೆ ಮಾರಬಾರದು ಅಷ್ಟೇ. ಇಂಥವರು ಓದಬಲ್ಲ ರೂಪದ ಪುಸ್ತಕಗಳಿರುವ ಸುಗಮ್ಯ ಪುಸ್ತಕಾಲಯ ಎಂಬ ಆನ್‌ಲೈನ್ ಲೈಬ್ರರಿ 2016ರಿಂದ ಇದೆ. ಹುಡುಗನನ್ನು ಅದಕ್ಕೆ ಸದಸ್ಯನನ್ನಾಗಿ ಮಾಡಿಸಿ.

ಇನ್ನು ಗ್ರಾಫು. 'ಇಲ್ಲಿ ನೋಡಿ, ಈ ಗೆರೆ ಹೀಗೆ ಬರುತ್ತೆ' ಎನ್ನುವುದನ್ನು ಬಿಟ್ಟು, 'ಕೆಳಗಿನ ಅಡ್ಡಗೆರೆ ಪ್ರಮಾಣ, ಎಡಗಡೆಯ ನೆಟ್ಟಗೆರೆ ಬೆಲೆ, ಬೇಡಿಕೆ ರೇಖೆ ಎಡಗಡೆ ಮೇಲಿನಿಂದ ಬಲಗಡೆ ಕೆಳಕ್ಕೆ ಇಳಿಯುತ್ತದೆ, ಅಂದರೆ ಬೆಲೆ ಇಳಿದಂತೆ ಕೊಳ್ಳುವುದು ಹೆಚ್ಚು' ಎಂದು ಬಾಯಲ್ಲಿ ಹೇಳಿ. ಒಂದು ರಟ್ಟಿನ ಮೇಲೆ ಫೆವಿಕಾಲ್ ಹಚ್ಚಿ ದಾರ ಅಂಟಿಸಿದರೆ ಅವನು ಬೆರಳಲ್ಲೇ ರೇಖೆ ಓದುತ್ತಾನೆ. ಪೂರೈಕೆ ರೇಖೆಗೆ ಸ್ವಲ್ಪ ದಪ್ಪನೆಯ ದಾರ ಹಾಕಿ, ಎರಡೂ ಸೇರುವ ಜಾಗವನ್ನು ಅವನೇ ಹುಡುಕಲಿ. ಕಣ್ಣಿದ್ದೂ ಗ್ರಾಫನ್ನು ಸುಮ್ನೆ ಉರು ಹೊಡೆಯುವವರಿಗೂ ಆ ವಿವರಣೆ ಬೇಕು ಎಂಬುದು ನಿಮಗೇ ಗೊತ್ತು.

ಹುಡುಗಿಯ ವಿಷಯ ಇನ್ನೂ ಸುಲಭ. ಬೋರ್ಡಿಗೆ ಮುಖ ಮಾಡಿಕೊಂಡು ಮಾತಾಡಬೇಡಿ, ತುಟಿ ಕಾಣಲಿ. ಹಿಂದಿನ ಬೆಂಚಿನವರು ಕೇಳಿದ ಪ್ರಶ್ನೆಯನ್ನು ನೀವೊಮ್ಮೆ ಹೇಳಿ ಆಮೇಲೆ ಉತ್ತರಿಸಿ. ಕನ್ನಡ ಮಾಧ್ಯಮದ ಮಕ್ಕಳಿಗೆ ಪ್ರತಿ ಘಟಕದ ಹತ್ತಿಪ್ಪತ್ತು ಇಂಗ್ಲಿಷ್ ಪದಗಳನ್ನು ಕನ್ನಡ ವಿವರಣೆ ಸಮೇತ ಹಿಂದಿನ ದಿನವೇ ಗ್ರೂಪಿಗೆ ಹಾಕಿ.

ಅನ್ಯಾಯದ ಮಾತು ಕೇಳಿದಿರಿ. ನೋಟ್ಸು ಇಡೀ ತರಗತಿಗೆ ಹೋಗುತ್ತಿರುವಾಗ ಅನ್ಯಾಯ ಯಾರಿಗೆ? ಪರೀಕ್ಷೆಯಲ್ಲಿ ಆ ಹುಡುಗನಿಗೆ ಗಂಟೆಗೆ 20 ನಿಮಿಷ ಹೆಚ್ಚು ಸಿಗುತ್ತದೆ, ಮೂರು ಗಂಟೆಯ ಪತ್ರಿಕೆಗೆ ಒಂದು ಗಂಟೆ, ಇದಕ್ಕೆ ಹೊಟ್ಟೆಕಿಚ್ಚು ಪಡುವವರು ಒಮ್ಮೆ ಪ್ರಶ್ನೆ ಕೇಳಿಸಿಕೊಂಡು, ಉತ್ತರ ಹೇಳಿ ಇನ್ನೊಬ್ಬರಿಂದ ಬರೆಸಿ ನೋಡಲಿ. ಅಂದಹಾಗೆ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಇದನ್ನೆಲ್ಲ ಉಪಕಾರ ಎನ್ನುವುದಿಲ್ಲ, ಹಕ್ಕು ಎನ್ನುತ್ತದೆ. ವಿಶ್ವವಿದ್ಯಾಲಯ ಅನುದಾನ ಆಯೋಗವೂ (ಯುಜಿಸಿ) 2022ರಲ್ಲಿ ಮಾರ್ಗಸೂಚಿ ತಂದಿದೆ. ಅದರ ಪ್ರಿಂಟ್ ತೆಗೆದು ಪ್ರಿನ್ಸಿಪಾಲರ ಟೇಬಲ್ ಮೇಲಿಡಿ, ರಟ್ಟು-ದಾರದ ಖರ್ಚಾದರೂ ಹುಟ್ಟೀತು.

ಪ್ರಶ್ನೆ: ಮಗಳಿಗೆ ಬರೆಯುತ್ತಾ ಬರೆಯುತ್ತಾ ಕೈ ಸೆಟೆದುಕೊಳ್ಳುತ್ತದೆ. ಅಂಗವೈಕಲ್ಯ ಶೇ. 40ಕ್ಕಿಂತ ಕಡಿಮೆ, ಹಾಗಾಗಿ ಬರೆಯುವವರನ್ನು ಕೊಡಲು ಆಗಲ್ಲ ಎಂದು ಕಾಲೇಜಿನಲ್ಲಿ ಹೇಳಿದರು. ಹೌದಾ?
— ಒಬ್ಬ ತಾಯಿ, ಹಾಸನ

ಉತ್ತರ: ಇಲ್ಲಮ್ಮ. ಇದೇ ತರಹದ ತೊಂದರೆಯಿದ್ದ ವಿಕಾಸ್ ಕುಮಾರ್ ಎಂಬ ಯುಪಿಎಸ್‌ಸಿ ಅಭ್ಯರ್ಥಿಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2021ರಲ್ಲೇ ಹೇಳಿದೆ: ಬರೆಯಲು ನಿಜವಾಗಿ ಕಷ್ಟ ಇರುವವರಿಗೆ ಶೇ. 40 ಇಲ್ಲ ಎಂಬ ಕಾರಣಕ್ಕೆ ಸಹಾಯಕರನ್ನು ನಿರಾಕರಿಸುವಂತಿಲ್ಲ. ಆ ತೀರ್ಪಿನ ನಂತರ 2022ರಲ್ಲಿ ಕೇಂದ್ರ ಸರ್ಕಾರ ಇಂಥವರಿಗಾಗಿಯೇ ಮಾರ್ಗಸೂಚಿ ಹೊರಡಿಸಿತು, 2025ರಲ್ಲಿ ಅದನ್ನು ಪರಿಷ್ಕರಿಸಿದೆ. ಅದರ ಜೊತೆಗೆ ವೈದ್ಯರು ತುಂಬಬೇಕಾದ ಪ್ರಮಾಣಪತ್ರದ ನಮೂನೆಯೂ ಇದೆ. ಜಿಲ್ಲಾಸ್ಪತ್ರೆಯಲ್ಲಿ ವಿಚಾರಿಸಿ ಅದನ್ನು ಮಾಡಿಸಿಕೊಂಡು, ಅರ್ಜಿಯನ್ನು ಕೈಬರಹದಲ್ಲಾದರೂ ಸರಿ ಬರೆದು ಕೊಟ್ಟು, ಸ್ವೀಕೃತಿ ಸಹಿ ಹಾಕಿಸಿಕೊಳ್ಳಿ. ಬಾಯಿಮಾತಿಗೆ ಬಾಯಿಮಾತಿನ ಉತ್ತರವೇ ಸಿಗುತ್ತದೆ. ಹಾಲ್ ಟಿಕೆಟ್ ಬರಲಿ ಎಂದು ಕಾಯಬೇಡಿ, ಪರೀಕ್ಷೆ ಶುಲ್ಕ ಕಟ್ಟುವ ಹೊತ್ತಿಗೇ ಕೊಟ್ಟುಬಿಡಿ.