ಮೂವತ್ತು ಕರೆಂಟ್ ಮುಗಿದ ಏಳನೇ ವಾರ

(ಗುರುತು ಸಿಗದಂತೆ ವಯಸ್ಸು, ಊರು, ಮನೆಯವರ ವಿವರಗಳನ್ನು ಬದಲಿಸಲಾಗಿದೆ.)

ಆಪ್ತಸಲಹೆಗೆಂದು ನನ್ನ ಬಳಿ ಬಂದವರು ಹಾಸನ ಜಿಲ್ಲೆಯ ಕಡೆಯ ರೈತರು, 58 ವರ್ಷ, ತೂಕ 52 ಕೆ.ಜಿ. ಬಲ ಶ್ವಾಸಕೋಶದ ಮೂರನೇ ಹಂತದ ಕ್ಯಾನ್ಸರ್‌ಗೆ ರೇಡಿಯೇಶನ್ (ಜನರ ಮಾತಿನಲ್ಲಿ ‘ಕರೆಂಟ್’) ಮುಗಿಸಿದ್ದರು: ದಿನಕ್ಕೆ 2 ಗ್ರೇ (ಕಿರಣದ ಪ್ರಮಾಣದ ಅಳತೆ), ವಾರಕ್ಕೆ ಐದು ದಿನ, ಆರು ವಾರದಲ್ಲಿ 30 ಸಲ, ಒಟ್ಟು 60 ಗ್ರೇ. ಜೊತೆಗೆ ವಾರಕ್ಕೊಮ್ಮೆ ಕೀಮೋ. ಕರೆತಂದವಳು ಮಗಳು. ‘ಅಪ್ಪ ಯಾರ ಹತ್ರನೂ ಮಾತಾಡಲ್ಲ ಮೇಡಂ, ರಾತ್ರಿಯೆಲ್ಲ ಜಗಲಿ ಮೇಲೆ ಕೂತಿರ್ತಾರೆ, ಊಟ ಬೇಡ ಅಂತಾರೆ. ಮನಸ್ಸಿಗೆ ಏನೋ ಹಚ್ಕೊಂಡಿದ್ದಾರೆ’ ಅಂದಳು.

ಮನಸ್ಸಿಗೆ ಹಚ್ಚಿಕೊಂಡಿದ್ದರು, ನಿಜ. ಆದರೆ ಅವರ ಎದುರು ಹತ್ತು ನಿಮಿಷ ಕೂತರೆ ಬೇರೆಯದೂ ಕಾಣುತ್ತಿತ್ತು. ಒಂದು ಮಾತು ಮುಗಿಸುವಷ್ಟರಲ್ಲಿ ಎರಡು ಸಲ ಉಸಿರಿಗೆ ನಿಲ್ಲುತ್ತಿದ್ದರು. ಕಫವಿಲ್ಲದ ಒಣ ಕೆಮ್ಮು ಬಂದಾಗ ಹೆಗಲ ಟವೆಲಿನಲ್ಲಿ ಬಾಯಿ ಮುಚ್ಚಿ ಮಗಳ ಮುಖ ನೋಡುತ್ತಿದ್ದರು. ಜಗಲಿ ಮೇಲೆ ಕೂರುತ್ತಿದ್ದದ್ದು ಮಲಗಿದರೆ ಕೆಮ್ಮು ಹೆಚ್ಚುತ್ತದೆಂದು. ಕಾಯಿಲೆ ತಿರುಗಿ ಬಂತೆಂದು ಅವರೇ ತೀರ್ಮಾನ ಮಾಡಿಕೊಂಡಿದ್ದರು. ಇನ್ನೊಮ್ಮೆ ಸಾಲ ಮಾಡಿಸಬಾರದೆಂದು ಕೆಮ್ಮನ್ನೇ ಅಡಗಿಸಿಟ್ಟಿದ್ದರು.

ನಾನು ಮೊದಲು ಕೇಳಿದ್ದು: ಕೊನೆಯ ಕರೆಂಟ್ ಯಾವ ತಾರೀಖು? ಲೆಕ್ಕ ಹಾಕಿದರೆ ಏಳು ವಾರ ಆಗಿತ್ತು.

ಎದೆಗೆ ರೇಡಿಯೇಶನ್ ಆದವರ ತೊಂದರೆಗಳಿಗೆ ಬಹುಮಟ್ಟಿಗೆ ಒಂದು ಕ್ಯಾಲೆಂಡರ್ ಇದೆ. ಅನ್ನನಾಳದ ಉರಿ ಚಿಕಿತ್ಸೆಯ ಎರಡು ಮೂರನೇ ವಾರಕ್ಕೆ ಶುರುವಾಗಿ, ಮುಗಿದ ಮೇಲೆ ಕೆಲವು ವಾರಗಳಲ್ಲಿ ಇಳಿಯುತ್ತದೆ. ಸುಸ್ತು ಕೊನೆಯ ವಾರಗಳಲ್ಲಿ ಜಾಸ್ತಿ, ನಿಧಾನಕ್ಕೆ ಕಡಿಮೆಯಾಗುತ್ತದೆ. ಎಲ್ಲ ಮುಗಿಯಿತು ಎಂದು ಮನೆಯವರು ಉಸಿರು ಬಿಡುವ ಹೊತ್ತಿಗೆ, ಅಂದರೆ ಒಂದರಿಂದ ಆರು ತಿಂಗಳ ನಡುವೆ, ಕಿರಣ ಬಿದ್ದ ಶ್ವಾಸಕೋಶದ ಭಾಗ ಊದಿಕೊಳ್ಳಬಹುದು. ಒಣ ಕೆಮ್ಮು, ಏದುಸಿರು, ಕೆಲವರಿಗೆ ಸಣ್ಣ ಜ್ವರ ಇದರ ಲಕ್ಷಣ. ವೈದ್ಯರು ಇದನ್ನು ರೇಡಿಯೇಶನ್ ನ್ಯುಮೊನೈಟಿಸ್ ಅನ್ನುತ್ತಾರೆ. ಹೆಸರು ಹತ್ತಿರವಿದ್ದರೂ ಇದು ನ್ಯುಮೋನಿಯಾ ಅಲ್ಲ. ಸೋಂಕಿನಿಂದ ಬಂದದ್ದಲ್ಲವಾದ್ದರಿಂದ ಆಂಟಿಬಯಾಟಿಕ್‌ಗೆ ಬಗ್ಗುವುದಿಲ್ಲ. ಇವರಿಗೆ ಊರಿನ ಹತ್ತಿರ ಆಗಲೇ ಎರಡು ಸುತ್ತು ಆಂಟಿಬಯಾಟಿಕ್, ಎರಡು ಬಾಟಲಿ ಕೆಮ್ಮಿನ ಸಿರಪ್ ಆಗಿತ್ತು. ಅಲ್ಲಿ ಯಾರೂ ರೇಡಿಯೇಶನ್ ತಾರೀಖು ಕೇಳಿರಲಿಲ್ಲ, ಇವರೂ ಹೇಳಿರಲಿಲ್ಲ.

ಆಪ್ತಸಲಹೆ ಅಲ್ಲಿಗೆ ನಿಲ್ಲಿಸಿ, ಅವತ್ತೇ ರೇಡಿಯೇಶನ್ ವಿಭಾಗಕ್ಕೆ ಕಳಿಸಿದೆ. ಲಕ್ಷಣ ನೋಡಿ ಹೆಸರಿಡುವುದು ನಮ್ಮ ಕೆಲಸವಲ್ಲ. ಸೋಂಕು, ಟಿಬಿ, ಶ್ವಾಸಕೋಶದ ರಕ್ತನಾಳದಲ್ಲಿ ಹೆಪ್ಪು, ಮರಳಿದ ಕ್ಯಾನ್ಸರ್ ಇವೆಲ್ಲ ಇದೇ ವೇಷದಲ್ಲಿ ಬರಬಹುದು. ಹಳೆಯ ಸ್ಕ್ಯಾನ್ ಸಿಡಿಗಳನ್ನೂ ಡಿಸ್ಚಾರ್ಜ್ ಸಮ್ಮರಿಯನ್ನೂ ಜೊತೆಗಿಟ್ಟುಕೊಳ್ಳಲು ಹೇಳಿದೆ. ಹಳೆಯದರ ಪಕ್ಕ ಇಟ್ಟು ನೋಡಿದಾಗಲೇ ಹೊಸ ನೆರಳಿಗೆ ಅರ್ಥ. ಸಿಟಿ ಸ್ಕ್ಯಾನ್‌ನಲ್ಲಿ ಆ ನೆರಳು ಕಿರಣ ಹಾಯ್ದ ಜಾಗದ ಆಕಾರದಲ್ಲೇ ಇತ್ತು. ಪರೀಕ್ಷೆಯಲ್ಲಿ ಟಿಬಿ ಇರಲಿಲ್ಲ. ವೈದ್ಯರು ತೂಕ ನೋಡಿ ಪ್ರೆಡ್ನಿಸೊಲೋನ್ (ಊತ ಇಳಿಸುವ ಸ್ಟೀರಾಯ್ಡ್ ಮಾತ್ರೆ) ದಿನಕ್ಕೆ 50 ಮಿ.ಗ್ರಾಂ. ಶುರು ಮಾಡಿದರು.

ಎಡವಿದ್ದು ಇಲ್ಲೇ. ಒಂದು ವಾರದಲ್ಲಿ ಉಸಿರು ಹಗುರಾಯಿತು. ಆದರೆ ಸಕ್ಕರೆ 280ಕ್ಕೆ ಏರಿತು, ರಾತ್ರಿ ನಿದ್ದೆ ಹೋಯಿತು. ‘ಸ್ಟೀರಾಯ್ಡ್ ಕೆಟ್ಟದ್ದು’ ಎಂದು ಯಾರೋ ಅಂದರು, 12ನೇ ದಿನ ತಾವೇ ನಿಲ್ಲಿಸಿದರು. ಮತ್ತೆ ಕೆಮ್ಮು, ಮತ್ತೆ ಜಗಲಿ. ಎರಡನೇ ಭೇಟಿಯ ಮುಕ್ಕಾಲು ಭಾಗ ಇದಕ್ಕೇ ಹೋಯಿತು, ಹೋಗಲೇಬೇಕಿತ್ತು. ಮಾತ್ರೆ ಊತವನ್ನು ಒತ್ತಿ ಹಿಡಿದಿರುತ್ತದೆ. ಕೈ ತೆಗೆದರೆ ಮೇಲೇಳುತ್ತದೆ. ಮೇಲಾಗಿ ಕೆಲವು ವಾರ ಹೊರಗಿನಿಂದ ಸ್ಟೀರಾಯ್ಡ್ ಬಂದರೆ ದೇಹ ತನ್ನದನ್ನು ತಯಾರಿಸುವುದು ನಿಲ್ಲಿಸುತ್ತದೆ. ಆಗ ಥಟ್ಟನೆ ಬಿಟ್ಟರೆ ತಲೆಸುತ್ತು, ವಾಂತಿ, ಬಿಪಿ ಕುಸಿತ ಆಗಬಹುದು. ಅದಕ್ಕೇ ವಾರ ಎರಡು ವಾರಕ್ಕೊಮ್ಮೆ ಸ್ವಲ್ಪ ಸ್ವಲ್ಪವೇ ಇಳಿಸುತ್ತ ಎರಡು ಮೂರು ತಿಂಗಳು ಎಳೆಯುತ್ತಾರೆ. ವೈದ್ಯರು ಹೊಸದಾಗಿ ಕೊಟ್ಟ ಇಳಿಕೆಯ ಪಟ್ಟಿಯನ್ನು ಮಗಳು ಗೋಡೆಯ ಕ್ಯಾಲೆಂಡರ್ ಮೇಲೆ ತಾರೀಖಿನ ಚೌಕದಲ್ಲೇ ಬರೆದಳು. (ಓದುವವರಲ್ಲಿ ವಿನಂತಿ: ಈ ಪ್ರಮಾಣ ಅವರದು. ಯಾರೂ ಇದನ್ನು ನೋಡಿ ಅಂಗಡಿಯಲ್ಲಿ ಮಾತ್ರೆ ಕೊಳ್ಳಬಾರದು.)

ಜೊತೆಗೆ ಹೇಳಿಕೊಟ್ಟದ್ದು: ಇಡೀ ದಿನದ ಮಾತ್ರೆ ಬೆಳಗಿನ ತಿಂಡಿ ಆದಮೇಲೆ ಒಟ್ಟಿಗೆ, ಆಗ ನಿದ್ದೆಗೆ ಅಷ್ಟು ಪೆಟ್ಟಿಲ್ಲ. ಸಕ್ಕರೆಯನ್ನು ಮಧ್ಯಾಹ್ನ, ಸಂಜೆಯೂ ನೋಡಬೇಕು. ಬೆಳಿಗ್ಗೆ ತಗೊಂಡ ಸ್ಟೀರಾಯ್ಡ್ ಸಕ್ಕರೆ ಏರಿಸುವುದು ಹೊತ್ತು ಏರಿದ ಮೇಲೆ, ಬರೀ ಹೊಟ್ಟೆಯ ಪರೀಕ್ಷೆಯಲ್ಲಿ ಸಿಕ್ಕದೇ ಹೋಗಬಹುದು. ಬಾಯಲ್ಲಿ ಬಿಳಿ ಮಚ್ಚೆ ಕಂಡರೆ ಅದು ಬೂಷ್ಟಿನ ಸೋಂಕಿರಬಹುದು, ತೋರಿಸಬೇಕು. ಬಾಯಿ ಶುಚಿಗೆ ಒಂದು ಲೋಟ ಉಗುರುಬೆಚ್ಚಗಿನ ನೀರಿಗೆ ಕಾಲು ಚಮಚ ಅಡುಗೆ ಸೋಡಾ, ಚಿಟಿಕೆ ಉಪ್ಪು ಹಾಕಿ ದಿನಕ್ಕೆ ನಾಲ್ಕು ಸಲ ಮುಕ್ಕಳಿಸುವುದು.

ಊಟದ ವಿಷಯ. ‘ಮುದ್ದೆ ಎದೇಲಿ ನಿಂತ್ಕಳ್ಳುತ್ತೆ’ ಅಂದರು. ಮುದ್ದೆಯನ್ನು ಅಗಿಯದೆ ನುಂಗುತ್ತೇವೆ, ಅದೂ ಬಿಸಿ ಖಾರದ ಸಾರಿನ ಜೊತೆ. ಸುಟ್ಟಂತಾದ ಅನ್ನನಾಳಕ್ಕೆ ಇದಕ್ಕಿಂತ ಕಷ್ಟದ ಊಟವಿಲ್ಲ. ರಾಗಿ ಬಿಡಬೇಕಿಲ್ಲ, ಗಂಜಿ ಮಾಡಿ ಆರಿಸಿ ಕುಡಿಯಲಿ. ಮೆತ್ತಗಿನ ಅನ್ನಕ್ಕೆ ಹುಳಿಯಾಗದ ಮೊಸರು, ತೊವ್ವೆ, ಬೇಯಿಸಿದ ಮೊಟ್ಟೆ; ದಿನಕ್ಕೆ ಮೂರರ ಬದಲು ಆರು ಸಲ ಸ್ವಲ್ಪ ಸ್ವಲ್ಪ. ಉಪ್ಪಿನಕಾಯಿ, ಹುಣಸೆ ಸಾರು ಸದ್ಯಕ್ಕೆ ಬೇಡ. ರೇಡಿಯೇಶನ್ ಮುಗಿದು ಆರು ವಾರ ದಾಟಿಯೂ ನೋವು ಉಳಿದರೆ ಅಥವಾ ಅನ್ನ ಇಳಿಯದೆ ಸಿಕ್ಕಿಕೊಂಡರೆ ಅನ್ನನಾಳ ಕಿರಿದಾಗಿರಬಹುದು, ಎಂಡೋಸ್ಕೋಪಿ ಬೇಕಾಗುತ್ತದೆ. ಅದಕ್ಕೇ ಇವರ ಹೆಸರೂ ಬರೆಸಿದೆವು.

ಉಸಿರು ಕಟ್ಟಿದಾಗ ಮೊದಲು ಬರುವುದು ಗಾಬರಿ, ಗಾಬರಿಗೆ ಉಸಿರು ಇನ್ನಷ್ಟು ಚಿಕ್ಕದಾಗುತ್ತದೆ. ಅಲ್ಲೇ ಕೂತು ಅಭ್ಯಾಸ ಮಾಡಿಸಿದೆ: ಮುಂದಕ್ಕೆ ಬಾಗಿ ಮೊಣಕೈ ತೊಡೆ ಮೇಲೆ ಊರಿ, ಮೂಗಿನಿಂದ ಎರಡು ಎಣಿಸುವಷ್ಟು ಒಳಗೆ, ಬಿಸಿ ಕಾಫಿ ಊದುವ ಹಾಗೆ ತುಟಿ ಕೂಡಿಸಿ ನಾಲ್ಕು ಎಣಿಸುವಷ್ಟು ಹೊರಗೆ. ಮುಖಕ್ಕೆ ಬೀಸಣಿಗೆಯ ಗಾಳಿ ಬಿದ್ದರೂ ಏದುಸಿರಿನ ಸಂಕಟ ಇಳಿಯುತ್ತದೆ. ದಿನಕ್ಕೆರಡು ಸಲ ಐದು ನಿಮಿಷ ನಡಿಗೆ, ಮಾತಾಡಿಕೊಂಡು ನಡೆಯಲಾಗುವಷ್ಟೇ ವೇಗ. ಎರಡು ಮೂರು ದಿನಕ್ಕೊಮ್ಮೆ ಒಂದು ನಿಮಿಷ ಸೇರಿಸುವುದು. ಸುಸ್ತೆಂದು ಇಡೀ ದಿನ ಮಲಗಿದರೆ ಸುಸ್ತು ಬೆಳೆಯುತ್ತದೆ.

ಹೊಗೆಯ ಮಾತು ಹೆಂಡತಿಯಿಂದ ಬಂತು. ಬೀಡಿ ಬಿಟ್ಟಿದ್ದರು, ಆದರೆ ಬೆಳಿಗ್ಗೆ ಬಚ್ಚಲೊಲೆಗೆ ಉರಿ ಹಾಕುವುದು ಇವರದೇ ಕೆಲಸ. ‘ಸುಮ್ನೆ ಕೂರೋಕಾಗಲ್ಲ ಅಂತ ನಾನೇ ಬಿಟ್ಟಿದ್ದೆ’ ಎಂದು ಆ ತಾಯಿ ಅತ್ತರು. ತಪ್ಪು ಯಾರದೂ ಅಲ್ಲ, ಯಾರೂ ಹೇಳಿರಲಿಲ್ಲ. ಒಲೆ, ರಾಗಿ ಒಕ್ಕಣೆಯ ಧೂಳು, ಔಷಧಿ ಸಿಂಪಡಣೆ ಇವರಿಗೆ ಬೇಡ. ಹಸುವಿಗೆ ನೀರಿಡುವುದು, ಸೊಪ್ಪು ಬಿಡಿಸುವುದು ಇರಲಿ ಎಂದು ಕೆಲಸ ಬದಲಾಯಿಸಿಕೊಂಡರು. ಎದೆಗೆ ನೋವಿನ ಮುಲಾಮು ಹಚ್ಚುವುದನ್ನೂ ಬಿಡಿಸಿದೆವು. ಕಿರಣ ಬಿದ್ದ ಚರ್ಮ ಅದಕ್ಕೆ ಸುಲಭವಾಗಿ ಸುಡುತ್ತದೆ.

ಮೂರನೇ ಭೇಟಿಯಲ್ಲಷ್ಟೇ ಅವರು ಬಾಯಿ ಬಿಟ್ಟು ಹೇಳಿದ್ದು ಮೊಮ್ಮಗಳ ವಿಷಯ. ‘ಕರೆಂಟ್ ಕೊಟ್ಟ ಮೈ, ಮಗೂನ ಹತ್ರ ಬಿಡಬೇಡಿ’ ಎಂದು ಬೀದಿಯವರು ಅಂದಿದ್ದರು. ಮನೆಯವರು ತಟ್ಟೆ, ಚಾಪೆ ಬೇರೆ ಮಾಡಿದ್ದರು. ಆರು ವಾರದ ಚಿಕಿತ್ಸೆಗಿಂತ ಇದು ಹೆಚ್ಚು ನೋಯಿಸಿತ್ತು. ಹೊರಗಿನ ಯಂತ್ರದಿಂದ ಕೊಡುವ ರೇಡಿಯೇಶನ್ ಯಂತ್ರ ನಿಂತ ಕ್ಷಣ ಮುಗಿಯುತ್ತದೆ, ಮೈಯಲ್ಲಿ ಏನೂ ಉಳಿಯುವುದಿಲ್ಲ. ದೀಪ ಆರಿಸಿದ ಕೋಣೆಯಲ್ಲಿ ಬೆಳಕು ಉಳಿಯದ ಹಾಗೆ. ಕ್ಯಾನ್ಸರ್ ಅಂಟುವುದೂ ಇಲ್ಲ. ಒಂದೇ ಎಚ್ಚರ: ಸ್ಟೀರಾಯ್ಡ್ ನಡೆಯುವಾಗ ಮಗುವಿಗೆ ನೆಗಡಿ ಜ್ವರ ಇದ್ದರೆ ಅಜ್ಜ ದೂರವಿರಬೇಕು, ಅಜ್ಜನ ಒಳ್ಳೆಯದಕ್ಕಾಗಿ. ಇದನ್ನು ಅವರಿಗಲ್ಲ, ಹೆಂಡತಿಗೂ ಮಗಳಿಗೂ ಎದುರು ಕೂರಿಸಿ ಹೇಳಿದೆ.

ಕಾಯದೆ ಆಸ್ಪತ್ರೆಗೆ ಬರಬೇಕಾದ ಲಕ್ಷಣಗಳನ್ನು ಕ್ಯಾಲೆಂಡರ್ ಹಿಂದೆ ಬರೆಸಿದ್ದು ಹೀಗೆ: ಬೆರಳಿನ ಆಕ್ಸಿಮೀಟರ್‌ನಲ್ಲಿ ಎರಡು ಸಲ ನೋಡಿದರೂ 90ಕ್ಕಿಂತ ಕಡಿಮೆ, ಅಥವಾ ಕೂತಲ್ಲೇ ಏದುಸಿರು, ಕೆಮ್ಮಿನಲ್ಲಿ ರಕ್ತ, ಜ್ವರ 100.4 ಡಿಗ್ರಿ ಅಥವಾ ಮೇಲೆ. ಹಠಾತ್ ಎದೆನೋವು, ಒಂದೇ ಕಾಲಿನ ಊತ. ಕಾಲಿನ ಶಕ್ತಿ ಕುಂದುವುದು, ಮೂತ್ರ ಕಟ್ಟುವುದು. ರಾತ್ರಿಯಾದರೆ 108. ಬೆರಳು ತಣ್ಣಗಿದ್ದರೆ ಆಕ್ಸಿಮೀಟರ್ ತಪ್ಪು ತೋರಿಸಬಹುದು, ಉಜ್ಜಿ ಬಿಸಿ ಮಾಡಿ ನೋಡಬೇಕು.

ನಾಲ್ಕನೇ ತಿಂಗಳಿಗೆ ಮಾತ್ರೆ ಪೂರ್ತಿ ನಿಂತಿತು. ಕೆಮ್ಮು ಹೋಗಿದೆ, ಏರು ಹತ್ತುವಾಗಿನ ಏದುಸಿರು ಉಳಿದಿದೆ. ಊದಿದ ಭಾಗದಲ್ಲಿ ಸ್ವಲ್ಪ ಕಲೆಗಟ್ಟಿ ಗಟ್ಟಿಯಾಗುತ್ತದೆ, ಅದು ಮೊದಲಿನಂತಾಗುವುದಿಲ್ಲ ಎಂದು ಮುಚ್ಚಿಡದೆ ಹೇಳಿದ್ದೇವೆ. ಮುಂದಿನ ಸಿಟಿ ಮೂರು ತಿಂಗಳಿಗೆ. ರಿಪೋರ್ಟಿನಲ್ಲಿ ಆ ಕಲೆಯ ಮಾತು ಬಂದರೆ ವೈದ್ಯರನ್ನು ಕಾಣುವ ಮೊದಲೇ ಮೊಬೈಲಿನಲ್ಲಿ ಹುಡುಕಬೇಡ ಎಂದು ಮಗಳಿಗೆ ಹೇಳಿ ಕಳಿಸಿದೆ.